ಮೂರಕ್ಷರದ ಆತಂಕ

ದಿನಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಆ ಅವಧಿಯಲ್ಲಿ ಎಷ್ಟು ಸಲ ‘ಚಿರತೆ ಪ್ರತ್ಯಕ್ಷ: ಗ್ರಾಮಸ್ಥರಲ್ಲಿ ಆತಂಕ’ ಎಂಬ ಶೀರ್ಷಿಕೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ರಾತ್ರಿ ಹತ್ತು ದಾಟಿದ ಮೇಲೆ ತಾಲ್ಲೂಕು ವರದಿಗಾರರ ಸುದ್ದಿಗಳೆಲ್ಲ ಒಟ್ಟಿಗೆ ಬಂದು ಬೀಳುವ ಹೊತ್ತಿನಲ್ಲಿ, ಪುಟ ಬಿಡಲು ಇನ್ನು ಇಪ್ಪತ್ತೇ ನಿಮಿಷ ಎಂದು ಮುಖ್ಯ ಉಪಸಂಪಾದಕರು ಬೆನ್ನ ಹಿಂದೆ ನಿಂತಿರುವಾಗ, ‘ಆತಂಕ’ದಷ್ಟು ಕೈಗೆ ಸುಲಭವಾಗಿ ಸಿಗುವ ಪದ ಇನ್ನೊಂದಿಲ್ಲ. ಮೂರೇ ಅಕ್ಷರ, ಒಂದು ಕಾಲಂನಲ್ಲಿಯೂ ಹಿಡಿಯುತ್ತದೆ. ಚಿರತೆ ಬೋನಿಗೆ ಬಿದ್ದರೆ ‘ನಿಟ್ಟುಸಿರು ಬಿಟ್ಟ ಗ್ರಾಮಸ್ಥರು’ ಎಂದು ಬರೆಯುತ್ತಿದ್ದೆವು. ಬಿದ್ದ ಚಿರತೆ ಮುಂದೆ ಎಲ್ಲಿಗೆ ಹೋಯಿತು ಎಂದು ನಾವು ಯಾರೂ ವರದಿಗಾರರನ್ನು ಕೇಳಿದ್ದು ನನಗೆ ನೆನಪಿಲ್ಲ.

2022ರ ಜುಲೈಯಲ್ಲಿ ಆ ಕೆಲಸ ಬಿಟ್ಟು, ಮೈಸೂರಿನಲ್ಲಿದ್ದ ಸಣ್ಣದೊಂದು ವನ್ಯಜೀವಿ ಸಂರಕ್ಷಣಾ ಸಂಸ್ಥೆಯ ಸಂವಹನ ವಿಭಾಗಕ್ಕೆ ಸೇರಿದೆ. ವಿಭಾಗ ಎಂದರೆ ನಾನೊಬ್ಬಳೇ. ಕಾಡು, ಜೀಪು, ಬೆಳಗಿನ ಮಂಜು ಎಂದೆಲ್ಲ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಚಿತ್ರ ಮೊದಲ ತಿಂಗಳಲ್ಲೇ ಕರಗಿತು. ದೇಣಿಗೆದಾರರಿಗೆ ಇಂಗ್ಲಿಷಿನಲ್ಲಿ ತ್ರೈಮಾಸಿಕ ವರದಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗೆ ಸಲ್ಲಿಸುವ ಪ್ರಸ್ತಾವನೆ, ತೆರಿಗೆ ವಿನಾಯಿತಿಯ ರಸೀದಿಯ ಜೊತೆ ಹೋಗುವ ಧನ್ಯವಾದ ಪತ್ರ, ಸಾಮಾಜಿಕ ಜಾಲತಾಣಗಳಿಗೆ ವಾರಕ್ಕೆ ಮೂರು ಚಿತ್ರ, ಇವುಗಳಲ್ಲೇ ದಿನ ಮುಗಿಯುತ್ತಿತ್ತು. ಕನ್ನಡದ ಪಾಲಿಗೆ ಬರುತ್ತಿದ್ದುದು ಇಂಗ್ಲಿಷಿನಲ್ಲಿ ಆಗಲೇ ಸಿದ್ಧವಾದ ಬರಹಗಳ ಅನುವಾದ ಮಾತ್ರ. ನಮ್ಮ ಕ್ಷೇತ್ರಕಾರ್ಯವೆಲ್ಲ ನಡೆಯುತ್ತಿದ್ದುದು ಮೈಸೂರು, ಮಂಡ್ಯ ಕಡೆಯ ಕಬ್ಬಿನ ಸೀಮೆಯಲ್ಲಿ. ಅಲ್ಲಿ ನಾಲೆ ನೀರಾವರಿಯ ಕಬ್ಬು ಆಳೆತ್ತರ ಬೆಳೆದು ವರ್ಷದ ಬಹುಪಾಲು ಹಾಗೆಯೇ ನಿಂತಿರುತ್ತದೆ. ನಾಯಿ, ಮೇಕೆ, ಕಾಡುಹಂದಿಗಳಿಗೂ ಕೊರತೆಯಿಲ್ಲ. ಚಿರತೆ ಹಗಲಿಡೀ ಅಲ್ಲೇ ಮಲಗಿ, ಅಲ್ಲೇ ಮರಿ ಹಾಕಿ ಬದುಕುತ್ತದೆ. ಹಾಗಿದ್ದೂ ಆ ಊರುಗಳ ಜನ ಓದಬೇಕಾದ ಮಾತುಗಳನ್ನು ಅವರನ್ನು ಕಾಣದವರು, ಅವರ ಭಾಷೆಯಲ್ಲದ ಭಾಷೆಯಲ್ಲಿ ಮೊದಲು ಯೋಚಿಸುತ್ತಿದ್ದರು ಎಂಬುದು ನನಗೆ ಅರಿವಾಗಲು ಒಂದು ಕರಪತ್ರವೇ ಬೇಕಾಯಿತು. ಈ ಬರಹ ಆ ಕರಪತ್ರದ ಕಥೆ.

ಕರಪತ್ರದ ಕೆಲಸ ಆರಂಭವಾದದ್ದು ಅದೇ ವರ್ಷದ ಡಿಸೆಂಬರ್ ಮೊದಲ ವಾರ. ಅಕ್ಟೋಬರ್ ಕೊನೆಯಿಂದ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಇಬ್ಬರು ಯುವಜನರು ಪ್ರಾಣ ಕಳೆದುಕೊಂಡಿದ್ದರು. ಸುತ್ತಲಿನ ತಾಲ್ಲೂಕುಗಳಲ್ಲೂ ಜನ ಹೊತ್ತು ಮುಳುಗಿದ ಮೇಲೆ ಹೊಲದ ಕಡೆ ಹೋಗಲು ಅಂಜುತ್ತಿದ್ದರು. ನಾವು ಕೆಲಸ ಮಾಡುತ್ತಿದ್ದ ಊರುಗಳಿಗೆ ಮುನ್ನೆಚ್ಚರಿಕೆಯ ಕರಪತ್ರವೊಂದು ಬೇಕೆಂದು ಸಂಸ್ಥೆಯಲ್ಲಿ ತೀರ್ಮಾನವಾಯಿತು. ಇಂಗ್ಲಿಷ್ ಕರಡು ನನ್ನ ಮೇಜಿಗೆ ಬಂತು, ಎರಡು ದಿನದಲ್ಲಿ ಅನುವಾದಿಸಿದೆ. ‘ಚಿರತೆಗಳೊಂದಿಗೆ ಸಹಬಾಳ್ವೆ’ ಎಂಬುದು ಶೀರ್ಷಿಕೆ. ಒಳಗೆ ಹನ್ನೆರಡು ಸೂಚನೆಗಳು. ಕೊನೆಯಲ್ಲಿ ‘ತಪ್ಪು ಕಲ್ಪನೆಗಳು’ ಎಂಬ ಚೌಕಟ್ಟು. ಅಕ್ಷರ ತಪ್ಪುಗಳಿಲ್ಲದ, ಓರಣವಾದ, ನನಗೇ ಮೆಚ್ಚುಗೆಯಾದ ಬರಹ ಅದು. ಮುದ್ರಣಕ್ಕೆ ಕೊಡುವ ಮುನ್ನ ಊರಿನಲ್ಲಿ ಒಂದು ಸಲ ಓದಿ ತೋರಿಸೋಣವೆಂದದ್ದು ನಮ್ಮ ಕ್ಷೇತ್ರ ಸಹಾಯಕರು. ಆ ಭಾಗದವರೇ ಆದ ಅವರು ಹೆಚ್ಚು ಮಾತಿನವರಲ್ಲ. ಕರಡನ್ನು ಓದಿ ಹಿಂದಿರುಗಿಸುವಾಗ ಅವರ ಮುಖದಲ್ಲಿದ್ದ ನಗೆಯನ್ನು ನಾನು ಮೆಚ್ಚುಗೆಯೆಂದು ತಿಳಿದೆ.

ಓದಲು ಆರಿಸಿಕೊಂಡ ಜಾಗ ಹಾಲಿನ ಡೈರಿ. ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ಊರಿನ ಮುಕ್ಕಾಲು ಪಾಲು ಮನೆಯವರು ಕ್ಯಾನು ಹಿಡಿದು ಅಲ್ಲಿಗೆ ಬಂದೇ ಬರುತ್ತಾರೆ. ಗ್ರಾಮಸಭೆಗೆ ಬಾರದ ಹೆಂಗಸರೂ ಅಲ್ಲಿ ಸಿಗುತ್ತಾರೆ. ಹಾಲಿನ ಜಿಡ್ಡಿನ ಅಂಶ ಅಳೆಯುವ ಯಂತ್ರದ ಮುಂದೆ ನಿಂತು ನಾನು ಶೀರ್ಷಿಕೆ ಓದಿದೆ. ‘ಸಹಬಾಳ್ವೆ’ ಎಂಬ ಪದ ಕೇಳುತ್ತಲೇ ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. “ಗಂಡನ ಜೊತೆಗೇ ಆಗ್ನಿಲ್ಲ, ಇನ್ನು ಚಿರ್ತೆ ಜೊತೆಗಾ?” ಎಂದರು. ಡೈರಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಒಂದು ಹಗುರ ಮಾತಿನಲ್ಲಿ ಆಕೆ ನಮ್ಮ ಕ್ಷೇತ್ರದ ಅತ್ಯಂತ ಪ್ರಿಯವಾದ ಪದವನ್ನು ಹೊರಗೆ ಹಾಕಿದ್ದರು. ಸಹಬಾಳ್ವೆ ಎಂದರೆ ಎರಡೂ ಕಡೆಯವರು ಒಪ್ಪಿ ನಡೆಸುವ ಬಾಳು. ಇಲ್ಲಿ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಮುಂದಿನ ತೊಡಕು ಚಿರತೆ ಎಂಬ ಹೆಸರಿನದೇ. ಆ ಭಾಗದ ಹಿರಿಯರ ಬಾಯಲ್ಲಿ ಅದು ‘ಕಿರುಬ’. ನಾನು ಶಾಲೆಯಲ್ಲಿ ಕಲಿತದ್ದು ಕಿರುಬವೆಂದರೆ ಕತ್ತೆಕಿರುಬ, ಸತ್ತ ಪ್ರಾಣಿ ತಿನ್ನುವ ಬೇರೆಯೇ ಮೃಗ. ಇನ್ನು ಕೆಲವರಿಗೆ ದೊಡ್ಡದಾಗಿ ಕಂಡದ್ದೆಲ್ಲ ‘ಹುಲಿ’. ಇದಕ್ಕೆಲ್ಲ ಕಳಸವಿಟ್ಟಂತೆ, ಆ ವರ್ಷ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋ ಉದ್ಯಾನದಲ್ಲಿ ಬಿಟ್ಟಿದ್ದರು. ಚೀತಾಕ್ಕೂ ಚಿರತೆಗೂ ವ್ಯತ್ಯಾಸ ಮಾಡದೆ ಆಡುವವರು, ಬರೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ಹೀಗಾಗಿ ಡೈರಿಯಲ್ಲಿ ಒಬ್ಬ ಹುಡುಗ ಮೊಬೈಲು ತೆಗೆದು ವಿಮಾನದ ಚಿತ್ರ ತೋರಿಸಿ, “ಸರ್ಕಾರದವ್ರೇ ಪ್ಲೇನಲ್ಲಿ ಚಿರ್ತೆ ತಂದವ್ರಲ್ಲ ಮೇಡಂ, ಟೀವಿಲೇ ತೋರ್ಸುದ್ರು” ಎಂದ. ಎರಡೂ ಬೇರೆ ಪ್ರಾಣಿಗಳು, ಒಂದರ ಮೈಮೇಲೆ ಬಿಡಿ ಚುಕ್ಕೆ, ಇನ್ನೊಂದರ ಮೈಮೇಲೆ ಹೂವಿನಾಕಾರದ ಗುಚ್ಛ, ಚೀತಾದ ಕಣ್ಣಿನಿಂದ ಬಾಯಿಯವರೆಗೆ ಕಪ್ಪು ಗೆರೆಯಿರುತ್ತದೆ ಎಂದು ವಿವರಿಸಿದೆ. ಹುಡುಗ ತಲೆಯಾಡಿಸಿದ. ಆದರೆ ಸಂಶಯವಿದ್ದದ್ದು ಚುಕ್ಕೆಯ ಬಗ್ಗೆ ಅಲ್ಲ.

ಸೂಚನೆಗಳನ್ನು ಓದತೊಡಗಿದೆ. ಕಬ್ಬಿನ ಗದ್ದೆಯಂಚಿನಲ್ಲಿ ಒಬ್ಬರೇ ಬಗ್ಗಿ ಕೆಲಸ ಮಾಡಬೇಡಿ ಎಂಬ ನಾಲ್ಕನೆಯ ಸೂಚನೆಗೆ ಬಂದಾಗ, ಅದುವರೆಗೆ ಗೋಡೆಗೊರಗಿ ಕುಳಿತಿದ್ದ ವಯಸ್ಸಾದ ತಾಯಿಯೊಬ್ಬರು ಎದ್ದು ಬಂದರು. ಬೆರಳ ಸಂದಿಯಲ್ಲಿ ಹಸಿರು ಕಲೆ ಹಾಗೆಯೇ ಇತ್ತು, ಬೆಳಗ್ಗೆಯೇ ಹುಲ್ಲು ಕೊಯ್ದು ಬಂದಿದ್ದರೆಂದು ಕಾಣುತ್ತದೆ. “ಬಗ್ಗದಂಗೆ ಹುಲ್ಲು ಕುಯ್ಯದು ಹೆಂಗವ್ವ? ನೀನೇ ಒಂದ್ಸಲ ಕುಯ್ದು ತೋರ್ಸು, ನೋಡ್ಕತೀವಿ” ಎಂದರು. ಆಕೆಯ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಉಪಾಯ ಕೇಳುವಂತೆಯೇ ಕೇಳಿದರು. ಬಗ್ಗಿದ ಅಥವಾ ಕುಳಿತ ಮನುಷ್ಯ ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣಬಹುದು ಎಂಬುದು ಆ ಸೂಚನೆಯ ಹಿಂದಿನ ಕಾರಣ. ಕಾರಣ ಸರಿಯೇ. ಆದರೆ ಎರಡು ಹಸು ಸಾಕಿ ಡೈರಿಗೆ ಹಾಲು ಹಾಕಿ ಬದುಕುವ ಹೆಂಗಸಿಗೆ ಬಗ್ಗಬೇಡ ಎಂದು ಹೇಳುವುದು ಬದುಕಬೇಡ ಎಂದಂತೆಯೇ. ಕ್ಷೇತ್ರ ಸಹಾಯಕರು ನನ್ನ ನೆರವಿಗೆ ಬಂದು ಅದನ್ನು ಬೇರೆ ರೀತಿಯಲ್ಲಿ ಹೇಳಿದರು: ಇಬ್ಬರು ಮೂವರು ಜೊತೆಯಾಗಿ ಹೋಗಿ, ಒಬ್ಬರು ಕೊಯ್ಯುವಾಗ ಒಬ್ಬರು ನಿಂತಿರಲಿ, ಮಾತಾಡುತ್ತಾ ಇರಿ, ಮೊಬೈಲಿನಲ್ಲಿ ಹಾಡು ಹಾಕಿಕೊಳ್ಳಿ, ಬಿಸಿಲು ಏರಿದ ಮೇಲೆ ಹೋಗಿ ಹೊತ್ತು ಮುಳುಗುವ ಮುಂಚೆ ಮನೆ ಸೇರಿ. ಅಜ್ಜಿ, “ಅಂಗಂದ್ರೆ ಆಯ್ತದೆ” ಎಂದು ಹೇಳಿ ಕ್ಯಾನು ಎತ್ತಿಕೊಂಡರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಸೂಚನೆಯನ್ನು ಅವರ ಮಾತಿನಲ್ಲೇ ಬರೆದುಕೊಂಡೆ.

ನನ್ನನ್ನು ನಿಜವಾಗಿ ನಿರುತ್ತರಗೊಳಿಸಿದ್ದು ಕೊನೆಯ ಚೌಕಟ್ಟು. ‘ಅರಣ್ಯ ಇಲಾಖೆಯವರೇ ಹೊರಗಿನಿಂದ ಚಿರತೆಗಳನ್ನು ತಂದು ಬಿಡುತ್ತಾರೆ ಎಂಬುದು ಶುದ್ಧ ಸುಳ್ಳು’ ಎಂದು ಅದರಲ್ಲಿ ಬರೆದಿತ್ತು. ವನ್ಯಜೀವಿ ಸಂಸ್ಥೆಗಳವರಿಗೆ ಈ ವದಂತಿ ಹಳೆಯ ತಲೆನೋವು, ಯಾವ ಊರಿಗೆ ಹೋದರೂ ಎದುರಾಗುತ್ತದೆ. ಅದನ್ನು ಓದಿ ಮುಗಿಸುವಷ್ಟರಲ್ಲಿ ಡೈರಿಯ ಮಾಜಿ ಅಧ್ಯಕ್ಷರೆಂದು ಆಮೇಲೆ ತಿಳಿದ ಹಿರಿಯರೊಬ್ಬರು ಕೇಳಿದರು: “ಅಲ್ಲ ಕನವ್ವ, ಹ್ವಾದ ವರ್ಸ ನಮ್ಮೂರ ಬೋನಿಗೆ ಬಿತ್ತಲ್ಲ, ಅದ್ನ ಎಲ್ಲಿಗ್ ತಕ್ಕೊಂಡೋದ್ರು?” ಕಾಡಿಗೆ ಬಿಟ್ಟರು ಎಂದೆ. “ಆ ಕಾಡ್ ಪಕ್ಕದಲ್ಲೂ ಊರವಲ್ಲ? ಆ ಊರೋರ್ಗೆ ಅದು ತಂದ್ ಬುಟ್ಟಿದ್ದೇ ತಾನೆ?” ಎಂದರು. ಯಂತ್ರದ ಸದ್ದು ಬಿಟ್ಟರೆ ಡೈರಿಯಲ್ಲಿ ಬೇರೆ ಸದ್ದಿರಲಿಲ್ಲ. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅದು ಸರಿಯಾಗಿತ್ತು.

ಕಚೇರಿಗೆ ಮರಳಿ ನಮ್ಮ ಜೀವವಿಜ್ಞಾನಿಗೆ ಈ ಪ್ರಸಂಗ ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, ಪುಣೆ ಜಿಲ್ಲೆಯ ಜುನ್ನರ್ ಸೀಮೆಯ ಕಥೆ ಹೇಳಿದರು. ಅದೂ ಕಬ್ಬಿನ ಸೀಮೆಯೇ. 2001ರಿಂದ 2003ರವರೆಗೆ ಅಲ್ಲಿ ಚಿರತೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು ಬೇರೆ ಕಾಡುಗಳಿಗೆ ಒಯ್ದು ಬಿಟ್ಟ ಅವಧಿಯಲ್ಲಿಯೇ ಮನುಷ್ಯರ ಮೇಲಿನ ದಾಳಿಗಳು ಏರಿದ್ದವು. ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ತನ್ನ ನೆಲೆಯಿಂದ ಕಿತ್ತು ಗುರುತಿಲ್ಲದ ಜಾಗದಲ್ಲಿ ಬಿಟ್ಟ ಚಿರತೆ ಅಲ್ಲಿಯೇ ನಿಲ್ಲುತ್ತದೆಂಬ ಖಾತ್ರಿಯಿಲ್ಲ. ಖಾಲಿಯಾದ ನೆಲೆಗೆ ಇನ್ನೊಂದು ಚಿರತೆ ಬರುತ್ತದೆ. ಅದೇ ವರ್ಷ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯೂ, ಕಣ್ಣಿಗೆ ಬಿದ್ದಿತೆಂಬ ಒಂದೇ ಕಾರಣಕ್ಕೆ ಚಿರತೆಯನ್ನು ಹಿಡಿಯುವುದನ್ನು ಪ್ರೋತ್ಸಾಹಿಸುವುದಿಲ್ಲ. ಇಷ್ಟೆಲ್ಲ ತಿಳಿದಿದ್ದ ನಾವು ಕರಪತ್ರದಲ್ಲಿ ಹೇಳಿದ್ದು ‘ಶುದ್ಧ ಸುಳ್ಳು’ ಎಂದು. ಬೇರೆ ಕಡೆಯಿಂದ ಚಿರತೆಗಳನ್ನು ತಂದು ಊರಿನ ಮೇಲೆ ಛೂ ಬಿಡುತ್ತಾರೆ ಎಂಬ ಮಾತು ಸುಳ್ಳೇ. ಆದರೆ ಆ ಸುಳ್ಳಿನೊಳಗೆ ಕಾಳಿನಷ್ಟು ನಿಜವಿತ್ತು. ಆ ನಿಜವನ್ನು ಕಣ್ಣಾರೆ ಕಂಡವರಿಗೆ ನಾವು ಸುಳ್ಳುಗಾರರಾಗಿ ಕಾಣುವುದು ಸಹಜವಾಗಿತ್ತು.

ಹಾಗೆಂದು ಆ ಸಾಲನ್ನು ತಿದ್ದುವುದು ಸುಲಭವಿರಲಿಲ್ಲ. ಇಲಾಖೆಯ ಅನುಮತಿಯಿಲ್ಲದೆ ಕಾಡಿನಲ್ಲಿ ಒಂದು ಕ್ಯಾಮೆರಾವನ್ನೂ ಕಟ್ಟಲಾಗದ ಸಂಸ್ಥೆ ಅಂಥ ವಿಷಯವನ್ನು ಅಚ್ಚು ಹಾಕಿಸಿ ಹಂಚುವುದು ಹೇಗೆ ಎಂಬ ಅಳುಕು ನಮ್ಮ ನಿರ್ದೇಶಕರದು. ಚೌಕಟ್ಟನ್ನೇ ತೆಗೆದುಬಿಡೋಣ ಎಂದರು. ನಾನೂ ಒಪ್ಪಿದೆ. ಈಗ ಯೋಚಿಸಿದರೆ, ಅದು ನಾನು ಮಾಡಿದ ಎರಡನೆಯ ತಪ್ಪು. ಜನವರಿ ಮಧ್ಯದ ಹೊತ್ತಿಗೆ ಹಾಗೆ ಬೋಳಾದ ಪ್ರತಿ ಮುದ್ರಣಾಲಯಕ್ಕೆ ಹೋಯಿತು.

ಅದು ಅಚ್ಚಾಗಲಿಲ್ಲ. 2023ರ ಜನವರಿ ಮೂರನೆಯ ವಾರದಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿಯೇ ಮತ್ತಿಬ್ಬರು, ಒಬ್ಬ ವೃದ್ಧೆ ಮತ್ತು ಹನ್ನೊಂದು ವರ್ಷದ ಬಾಲಕ, ಒಂದರ ಹಿಂದೊಂದು ದಿನ ಬಲಿಯಾದರು. ಮೂರು ತಿಂಗಳು ತುಂಬುವುದರೊಳಗೆ ನಾಲ್ಕು ಸಾವು. ಕರಪತ್ರದ ಎರಡನೆಯ ಪುಟದಲ್ಲಿ ‘ಚಿರತೆಗಳು ಸಾಮಾನ್ಯವಾಗಿ ಮನುಷ್ಯರ ತಂಟೆಗೆ ಬರುವುದಿಲ್ಲ’ ಎಂಬ ವಾಕ್ಯವಿತ್ತು. ಅಂಕಿಅಂಶದ ಮಟ್ಟಿಗೆ ಆ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಮಗು ಸತ್ತ ಮನೆಯ ಅಂಗಳದಲ್ಲಿ ನಿಂತು ಅದನ್ನು ಓದಲು ಯಾರಿಗಾದರೂ ಸಾಧ್ಯವೇ ಎಂದು ನನ್ನನ್ನೇ ಕೇಳಿಕೊಂಡು, ಬೆಳಗ್ಗೆ ಮುದ್ರಣಾಲಯದ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು ಕೆಲಸ ತಡೆಸಿದೆ.

ಆ ವಾರ ದೂರವಾಣಿ ಒಂದೇ ಸಮನೆ ಮೊಳಗಿತು. ವಾಹಿನಿಗಳ ಕಡೆಯಿಂದ ಬರುತ್ತಿದ್ದ ಮೊದಲ ಪ್ರಶ್ನೆ, ‘ನರಭಕ್ಷಕ’ ಚಿರತೆಯನ್ನು ಗುಂಡಿಟ್ಟು ಕೊಲ್ಲಲು ಸಂಸ್ಥೆಯ ವಿರೋಧವಿದೆಯೇ ಎಂಬುದು. ‘ನರಭಕ್ಷಕ’ ಎಂಬುದು ಕಾನೂನಿನ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಕಲಮು ಹೇಳುವುದು ‘ಮನುಷ್ಯ ಜೀವಕ್ಕೆ ಅಪಾಯಕಾರಿಯಾದ’ ಪ್ರಾಣಿಯ ಬಗ್ಗೆ. ಚಿರತೆಯಂಥ ಒಂದನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ತೀರ್ಮಾನಿಸುವ ಅಧಿಕಾರವಿರುವುದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ. ಹಿಡಿಯಲು, ಅರಿವಳಿಕೆ ಕೊಡಲು ಅಥವಾ ಬೇರೆಡೆಗೆ ಸಾಗಿಸಲು ಸಾಧ್ಯವಿಲ್ಲವೆಂದು ಮನವರಿಕೆಯಾದರೆ ಮಾತ್ರ ಕೊಲ್ಲಲು ಅನುಮತಿ ಕೊಡಬಹುದು. ಇದನ್ನು ಹೇಳುವ ಪತ್ರಿಕಾ ಹೇಳಿಕೆಯ ಕರಡನ್ನು ನಾನು ಕಾನೂನಿನಿಂದಲೇ ಶುರು ಮಾಡಿದ್ದೆ. ನಿರ್ದೇಶಕರು ಮೊದಲ ಮೂರು ಸಾಲುಗಳನ್ನು ಹೊಡೆದು ಹಾಕಿದರು. ಸತ್ತವರ ಕುಟುಂಬಗಳ ಬಗ್ಗೆ ಮೊದಲು ಬರೆಯಿರಿ, ಆಮೇಲೆ ಉಳಿದ ಮಕ್ಕಳು ಶಾಲೆಯಿಂದ ಮನೆಗೆ ಹೇಗೆ ಬರಬೇಕೆಂದು ಬರೆಯಿರಿ, ಚಿರತೆಯ ವಿಷಯ ಮೂರನೆಯದು ಎಂದರು. ಅವರ ಅಳುಕಿನ ಬಗ್ಗೆ ಮೇಲೆ ಬರೆದಿದ್ದೇನಾದ್ದರಿಂದ ಇದನ್ನೂ ಬರೆಯುವುದು ನ್ಯಾಯ. ಸಾವಿಗೆ ಸಲ್ಲುವ ಪರಿಹಾರಧನವನ್ನು ಸರ್ಕಾರ ಆಗಷ್ಟೇ ಏಳೂವರೆ ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಿತ್ತು. ಅದನ್ನು ಪಡೆಯಲು ಯಾವ ಕಾಗದಗಳು ಬೇಕು, ಮೇಕೆ ಕರು ಸತ್ತರೆ ಪಶುವೈದ್ಯರು ಬರುವವರೆಗೆ ಕಳೇಬರವನ್ನು ಏಕೆ ಕದಲಿಸಬಾರದು ಎಂಬುದನ್ನೂ ಹೇಳಿಕೆಯಲ್ಲಿ ಸೇರಿಸಿದೆವು. ಎಲ್ಲ ಪತ್ರಿಕೆಗಳೂ ಮುದ್ರಿಸಿದ್ದು ಆ ಕೊನೆಯ ಭಾಗವನ್ನೇ. ನನಗೆ ಸಂತೋಷವಾಯಿತು.

ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತ 2011ರಿಂದ ನಡೆದ ಕೆಲಸದ ಬಗ್ಗೆ ಆ ದಿನಗಳಲ್ಲಿ ಓದಿದೆ. ಅಲ್ಲಿನ ಅರಣ್ಯ ಇಲಾಖೆ, ಸಂಶೋಧಕರು ಮತ್ತು ನಾಗರಿಕರು ಸೇರಿ ಪತ್ರಕರ್ತರಿಗಾಗಿಯೇ ಕಾರ್ಯಾಗಾರಗಳನ್ನು ನಡೆಸಿದ್ದರು. ಕಾಣಿಸಿಕೊಂಡದ್ದಕ್ಕೂ ದಾಳಿ ಮಾಡಿದ್ದಕ್ಕೂ ಇರುವ ಅಂತರವನ್ನು ವರದಿಯಲ್ಲಿ ಕಾಪಾಡುವುದು ಅದರ ಮುಖ್ಯ ಪಾಠ. ಆರು ವರ್ಷ ಸುದ್ದಿಮೇಜಿನಲ್ಲಿದ್ದ ನನಗೆ ಆ ಪಾಠವನ್ನು ಯಾರೂ ಹೇಳಿರಲಿಲ್ಲ. ನಾವು ಬೋನಿನಲ್ಲಿ ಹಿಡಿದರೂ ‘ರಕ್ಷಣೆ’ ಎಂದು, ಬಾವಿಯಿಂದ ಎತ್ತಿದರೂ ‘ರಕ್ಷಣೆ’ ಎಂದು ಬರೆದವರು.

ಫೆಬ್ರುವರಿಯಲ್ಲಿ ಕರಪತ್ರವನ್ನು ಮೊದಲಿನಿಂದ, ಈ ಸಲ ಕನ್ನಡದಲ್ಲಿಯೇ ಬರೆದೆ. ಹನ್ನೆರಡು ಸೂಚನೆಗಳು ಆರಾದವು. ಚಿರತೆ ಎದುರಾದರೆ ಓಡಬೇಡಿ, ಬಗ್ಗಬೇಡಿ, ಕೈ ಎತ್ತಿ ಗದರಿಸುತ್ತಾ ಹಿಂದೆ ಸರಿಯಿರಿ ಎಂಬುದು ಮೊದಲನೆಯದು. ಕೋಳಿ ಅಂಗಡಿಯ ತ್ಯಾಜ್ಯವನ್ನು ಊರಂಚಿನಲ್ಲಿ ಸುರಿದರೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ ಎಂಬುದು ಇನ್ನೊಂದು. ಕೊಟ್ಟಿಗೆಗೆ ಬಾಗಿಲು, ಕಿಟಕಿಗೆ ಜಾಲರಿ. ಗುಂಪು ಸೇರಿ ಅಟ್ಟಿಸಿಕೊಂಡು ಹೋಗುವುದರಿಂದಲೇ ಬಹಳ ಮಂದಿ ಗಾಯಗೊಳ್ಳುತ್ತಾರೆ ಎಂಬ ಎಚ್ಚರಿಕೆ. ಅರಣ್ಯ ಸಹಾಯವಾಣಿಯ ಸಂಖ್ಯೆ 1926 ದೊಡ್ಡ ಅಕ್ಷರದಲ್ಲಿ. ಶೀರ್ಷಿಕೆ, ‘ಕಬ್ಬಿನ ಗದ್ದೆಯಲ್ಲಿ ಚಿರತೆ ಇದೆ: ನಾವು ಏನು ಮಾಡಬೇಕು?’ ತೆಗೆದು ಹಾಕಿದ್ದ ಚೌಕಟ್ಟನ್ನು ಮತ್ತೆ ಸೇರಿಸಿ, ಇಲಾಖೆಯ ಸ್ಥಳೀಯ ಅಧಿಕಾರಿಯೊಬ್ಬರ ಬಳಿಗೆ ನಾನೇ ತೆಗೆದುಕೊಂಡು ಹೋದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ಅವರು ಎರಡು ಸಲ ಓದಿದರು. ‘ಹಿಡಿದ ಚಿರತೆಯನ್ನು ಬೇರೆ ಅರಣ್ಯಕ್ಕೆ ಸ್ಥಳಾಂತರಿಸಲಾಗುತ್ತದೆ’ ಎಂಬ ನನ್ನ ವಾಕ್ಯಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸ್ವಂತ ಕೈಬರಹದಲ್ಲಿ ಬರೆದರು: ‘ಒಂದು ಊರಿನಲ್ಲಿ ಹಿಡಿದ ಚಿರತೆಯನ್ನು ಕಾಡಿಗೆ ಬಿಡುತ್ತೇವೆ. ಅದು ಅಲ್ಲೇ ಇರುತ್ತದೆಂದು ಹೇಳಲಾಗದು. ಹಿಡಿದ ಜಾಗಕ್ಕೆ ಬೇರೊಂದು ಚಿರತೆ ಬರಬಹುದು. ಆದ್ದರಿಂದ ಕಂಡ ಕೂಡಲೇ ಬೋನು ಇಡಿ ಎಂದು ಒತ್ತಾಯಿಸುವ ಮೊದಲು ನಮ್ಮೊಡನೆ ಮಾತನಾಡಿ.’ ಬರೆದು ಮುಗಿಸಿ, ಬೋನು ಇಡದಿದ್ದರೆ ರಸ್ತೆ ತಡೆಯುತ್ತಾರೆ, ಇಟ್ಟರೆ ನಿಮ್ಮಂಥವರು ಪತ್ರ ಬರೆಯುತ್ತೀರಿ ಎಂದು ನಕ್ಕರು. ಆ ವರ್ಷ ಸಂಸ್ಥೆಯಿಂದ ಹೊರಬಂದ ಕನ್ನಡ ಬರಹದಲ್ಲಿ ಅತ್ಯುತ್ತಮವಾದ ನಾಲ್ಕು ವಾಕ್ಯಗಳು ನನ್ನವಲ್ಲ.

ಅಚ್ಚಿನ ಕೆಲಸದ ಗೋಳನ್ನು ವಿವರಿಸುವುದಿಲ್ಲ. ಯೂನಿಕೋಡ್ ಬರಹ ಡಿಟಿಪಿಯವರ ಹಳೆಯ ಅಕ್ಷರವಿನ್ಯಾಸಕ್ಕೆ ಹೋಗುವಾಗ ಒತ್ತಕ್ಷರಗಳಿಗೆ ಏನಾಗುತ್ತದೆಂಬುದು ಈ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಹೊಳೆಯುವ ಕಾಗದ ಬೇಡವೆಂದು ಹೇಳಿ ಸಾದಾ ಕಾಗದದಲ್ಲಿ ಹಾಕಿಸಿದೆವು. ಆದರೆ ಓದುವವರಿಗಿಂತ ಕೇಳುವವರೇ ಹೆಚ್ಚು ಎಂಬುದು ಡೈರಿಯಲ್ಲಿಯೇ ತಿಳಿದಿತ್ತು. ಪಂಚಾಯಿತಿಯ ಕಸ ಸಂಗ್ರಹಿಸುವ ‘ಸ್ವಚ್ಛ ವಾಹಿನಿ’ ಗಾಡಿಗೆ ಧ್ವನಿವರ್ಧಕವಿದೆ, ಅದು ಪ್ರತಿ ಬೀದಿಗೂ ಹೋಗುತ್ತದೆ. ಗಾಡಿ ಓಡಿಸುತ್ತಿದ್ದ ಸ್ವಸಹಾಯ ಸಂಘದ ಹೆಣ್ಣುಮಗಳ ದನಿಯಲ್ಲೇ ಆರು ಸೂಚನೆಗಳನ್ನು ಧ್ವನಿಮುದ್ರಿಸಿಕೊಂಡೆವು. ನಾನು ಬರೆದುಕೊಟ್ಟಿದ್ದ ‘ಚಿರತೆ’ಯನ್ನು ಆಕೆ ‘ಚಿರ್ತೆ, ನಮ್ಮ ಕಿರುಬ’ ಎಂದು ಓದಿದಳು. ತಿದ್ದಲು ಬಾಯಿ ತೆರೆದವಳು ಸುಮ್ಮನಾದೆ.

ಮಾರ್ಚ್ ಬಂತು. ಹಣಕಾಸು ವರ್ಷದ ಕೊನೆಯಲ್ಲಿ ಎಲ್ಲ ಸಂಸ್ಥೆಗಳೂ ದೇಣಿಗೆಗಾಗಿ ಮೊರೆಯಿಡುವ ತಿಂಗಳು ಅದು. ನಿಧಿ ಸಂಗ್ರಹಕ್ಕೆ ಸಲಹೆ ಕೊಡುತ್ತಿದ್ದವರು ಬೋನಿನೊಳಗೆ ಹಲ್ಲು ಕಿಸಿದ ಚಿರತೆಯ ಚಿತ್ರವನ್ನು ಆರಿಸಿದ್ದರು. ನೋಡಿದವರ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ ಎಂಬುದು ಅವರ ವಾದ. ಅದು ಸುಳ್ಳೂ ಅಲ್ಲ. ನಾನು ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಣೆಯ ಮೇಲೆ ಚರ್ಮ ಸುಲಿದಿತ್ತು, ಒಂದು ಕೋರೆಹಲ್ಲಿನ ತುದಿ ಮುರಿದಿತ್ತು. ಹೊರಬರಲು ಸರಳಿಗೆ ಬಡಿದುಕೊಂಡಾಗ ಆಗುವ ಗಾಯಗಳಿವು. ಅಂಚಿನಲ್ಲಿ, ಸರಳುಗಳಾಚೆ, ಮೊಬೈಲು ಹಿಡಿದ ಹತ್ತಾರು ಕೈಗಳು. ಕ್ರೌರ್ಯದಂತೆ ಕಾಣುವುದು ಭಯ. ಅದನ್ನು ತೋರಿಸಿ ಹಣ ಕೇಳಿದರೆ ಡೈರಿಯಲ್ಲಿ ಹೇಳಿದ್ದಕ್ಕೂ ಬೆಂಗಳೂರಿನಲ್ಲಿ ಹೇಳುವುದಕ್ಕೂ ಸಂಬಂಧವೇ ಉಳಿಯುವುದಿಲ್ಲವೆಂದು ವಾದಿಸಿದೆ. ಕೊನೆಗೆ ಹೋದದ್ದು ಜಾಲರಿ ಹಾಕಿದ ಕೊಟ್ಟಿಗೆಯ ಮುಂದೆ ಕರು ಹಿಡಿದು ನಿಂತ ಹೆಂಗಸಿನ ಚಿತ್ರ. ದೇಣಿಗೆ ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಬಂತು. ಈ ವಿಷಯವನ್ನು ನನಗೆ ಮುಂದಿನ ಎರಡು ಸಭೆಗಳಲ್ಲಿ ನೆನಪಿಸಲಾಯಿತು.

ಮುಂದಿನ ಕಟಾವಿನ ಕಾಲದಲ್ಲಿ ಒಂದು ಸಂಜೆ ಕ್ಷೇತ್ರ ಸಹಾಯಕರಿಂದ ಕರೆ ಬಂತು. ಕಬ್ಬು ಕಡಿಯುವ ಆಳುಗಳಿಗೆ ಎರಡು ಮರಿಗಳು ಸಿಕ್ಕಿದ್ದವು, ಇನ್ನೂ ಕಣ್ಣಿನ ನೀಲಿ ಮಾಸದ ಮರಿಗಳು. ಮೊದಲಾಗಿದ್ದರೆ ಅವು ಊರೊಳಗೆ ಮೆರವಣಿಗೆ ಹೋಗಿ, ನೂರು ಮಂದಿಯ ಕೈಯಲ್ಲಿ ಫೋಟೊ ತೆಗೆಸಿಕೊಂಡು, ಮೃಗಾಲಯ ಸೇರುತ್ತಿದ್ದವು. ಈ ಸಲ ಮೇಸ್ತ್ರಿ ಕಡಿತ ನಿಲ್ಲಿಸಿ 1926ಕ್ಕೆ ಕರೆ ಮಾಡಿಸಿದ್ದ. ಕಸದ ಗಾಡಿಯಲ್ಲಿ ಕೇಳಿದ್ದೆನೆಂದು ಹೇಳಿದನಂತೆ. ಇಲಾಖೆಯ ಸಿಬ್ಬಂದಿ ಬಂದು ಮರಿಗಳನ್ನು ಸಿಕ್ಕ ಜಾಗದಲ್ಲೇ ಟೊಮೆಟೊ ಕ್ರೇಟಿನೊಳಗಿಟ್ಟು, ಎದುರಿಗೆ ಕ್ಯಾಮೆರಾ ಕಟ್ಟಿ, ಎಲ್ಲರನ್ನೂ ದೂರ ಕಳುಹಿಸಿದರು. ಗದ್ದೆಯ ಯಜಮಾನರಿಗೆ ಕಾರ್ಖಾನೆಯಿಂದ ಕಟಾವಿನ ಪರವಾನಗಿ ಆ ದಿನಕ್ಕೆ ಬಂದಿತ್ತು, ಲಾರಿ ಕಾಯುತ್ತಿತ್ತು. ಒಂದು ರಾತ್ರಿ ತಡೆದರೆ ಅವರಿಗಾಗುವ ನಷ್ಟವನ್ನು ಯಾವ ಪರಿಹಾರದ ನಮೂನೆಯಲ್ಲೂ ತುಂಬಲು ಬರುವುದಿಲ್ಲ. ಅವರು ತಡೆದರು. ರಾತ್ರಿ ಒಂದೂಮುಕ್ಕಾಲಕ್ಕೆ ತಾಯಿ ಬಂತು. ಕ್ರೇಟನ್ನು ಮುಂಗಾಲಿನಿಂದ ಮಗುಚಿ, ಒಂದು ಮರಿಯನ್ನು ಕತ್ತಿನಲ್ಲಿ ಕಚ್ಚಿಕೊಂಡು ಹೋಗಿ, ಅರ್ಧ ಗಂಟೆಯ ನಂತರ ಎರಡನೆಯದಕ್ಕೆ ಮರಳಿತು.

ಆ ದೃಶ್ಯವನ್ನು ಹೊರಗೆ ಬಿಟ್ಟಿದ್ದರೆ ಸಂಸ್ಥೆಯ ಹೆಸರು ಒಂದೇ ದಿನದಲ್ಲಿ ನಾಡೆಲ್ಲ ಹರಡುತ್ತಿತ್ತು. ಊರಿನ ಹೆಸರು, ಗದ್ದೆಯ ಗುರುತು, ಚಿತ್ರದೊಳಗೆ ಅಡಗಿರುವ ಸ್ಥಳದ ಮಾಹಿತಿ ಎಲ್ಲವನ್ನೂ ತೆಗೆದ ಮೇಲೆ, ಇಲಾಖೆ ಒಪ್ಪಿದ ನಂತರ, ಮೊದಲು ಗದ್ದೆಯ ಯಜಮಾನರಿಗೆ ತೋರಿಸಿದೆವು. ಅವರು ಮೂರು ಸಲ ನೋಡಿ, “ನಮ್ಮೂರ್ ಹೆಸ್ರು ಹಾಕ್ಬ್ಯಾಡಿ ಮೇಡಂ, ಮಗನ್ಗೆ ಹೆಣ್ ನೋಡ್ತಾ ಇವ್ನಿ” ಎಂದರು.

ಎರಡು ದಿನದ ನಂತರ ನನ್ನ ಹಳೆಯ ಪತ್ರಿಕೆಯ ಒಳಪುಟದಲ್ಲಿ ‘ಗದ್ದೆಯಲ್ಲಿ ಚಿರತೆ ಮರಿ: ಆತಂಕ’ ಎಂದು ಒಂದು ಕಾಲಂ ಸುದ್ದಿ ಬಂತು. ರಾತ್ರಿ ಹತ್ತರ ನಂತರ ಸುದ್ದಿಮೇಜಿಗೆ ಕರೆ ಮಾಡಿದೆ. ಹಳೆಯ ಸಹೋದ್ಯೋಗಿಯೇ ಎತ್ತಿಕೊಂಡ. ತಾಯಿ ಬಂದು ಮರಿಗಳನ್ನು ಒಯ್ದದ್ದು ನಿಮ್ಮ ವರದಿಯ ಕೊನೆಯ ಸಾಲಿನಲ್ಲೇ ಇದೆಯಲ್ಲ ಮಾರಾಯ, ಆತಂಕ ಎಲ್ಲಿಂದ ಬಂತು ಎಂದು ಕೇಳಿದೆ. ಒಂದು ಕಾಲಂನಲ್ಲಿ ಅಷ್ಟೆಲ್ಲ ಹಿಡಿಯುವುದಿಲ್ಲವೆಂದು ನಿನಗೇ ಗೊತ್ತಲ್ಲ ಎಂದ. ‘ಮರಿ ಒಯ್ದ ತಾಯಿ ಚಿರತೆ’ ಎಂದೆ. ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು. ಹೊಡೆದು, ಅಗಲ ನೋಡುತ್ತಿದ್ದ. “ಎರಡು ಸಾಲಾಗುತ್ತೆ,” ಎಂದ. ಸ್ವಲ್ಪ ತಡೆದು, “ಆದರೆ ಹಿಡಿಯುತ್ತೆ,” ಎಂದ.